ಗಾಯಕ್ಕೆ ಅಸ್ತರು ಹಾಕಿದ ದರ್ಜಿ

ಈ ಕಥೆಯನ್ನು ಯಾರೇ ಹೇಳಲಿ, ಆರಂಭ ಮಾತ್ರ ಕತ್ತರಿಯ ಸದ್ದಿನಿಂದಲೇ.

ಒಂದು ಓಣಿಯಲ್ಲಿ ಒಬ್ಬ ದರ್ಜಿ. ಅವನು ಹೊಲಿದ ಅಂಗಿಗಳಿಗೆಲ್ಲ ಗುಂಡಿಯ ಕಾಜಾ ಹಾಕುತ್ತಿದ್ದವಳು ಅವನ ಹೆಂಡತಿ. ಹೀಗಾಗಿ ಓಣಿಯವರ ಬಾಯಲ್ಲಿ ಆಕೆ ಕಾಜಮ್ಮ. ದರ್ಜಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಆಗಷ್ಟೇ ಮನೆಗೆ ಬಂದಿದ್ದ. ಗಾಯ ಬಿರಿದರೆ ಮತ್ತೆ ಆಸ್ಪತ್ರೆಯ ಮಂಚವೇ ಗತಿ ಎಂಬ ಭಯ ಕಾಜಮ್ಮನಿಗೆ.

ಒಂದು ಬೆಳಿಗ್ಗೆ ಒಳಕೋಣೆಯಿಂದ ಕತ್ತರಿಯ ಸದ್ದು ಕೇಳಿ ಆಕೆ ಓಡಿದಳು. ಗಂಡ ಹಾಸಿಗೆಯ ಮೇಲೆ ಕುಳಿತು ತೆಳು ಹತ್ತಿಯ ಮಲ್‌ಬಟ್ಟೆ ಕತ್ತರಿಸುತ್ತಿದ್ದ. ಆಸ್ಪತ್ರೆಯಲ್ಲಿ ಅಂಟಿಸಿದ್ದ ಡ್ರೆಸ್ಸಿಂಗ್ ಪಕ್ಕದಲ್ಲಿ ಬಿದ್ದಿತ್ತು.

"ಅಯ್ಯೋ, ಏನ್ರೀ ಇದು!"

"ಅದು ಪ್ಲಾಸ್ಟಿಕ್ಕು ಕಣೇ, ಬೆವರುತ್ತೆ. ಹೊಲಿಗೆ ಹಾಕಿದ್ದು ಡಾಕ್ಟ್ರು, ಒಪ್ಕೊಂಡೆ. ಕೋಟಿಗೆ ಒಳಪದರ ಕೊಡೋ ನನಗೆ ಅಸ್ತರು ಹಾಕೋದು ಗೊತ್ತಿಲ್ವಾ?"

ಗಾಯದ ಮೇಲೆ ಹತ್ತಿ, ಹತ್ತಿಯ ಮೇಲೆ ಅಂಚು ಮಡಚಿ ಹೊಲಿದ ಮಲ್ಲಿನ ಪಟ್ಟಿ. ನೋಡಲು ಅಂದವಾಗಿಯೇ ಇತ್ತು, ಸುಳ್ಳು ಹೇಳಬಾರದು.

ಮರುದಿನ ಅದು ಬಿಚ್ಚಲು ಬರಲೊಲ್ಲದು. ಹತ್ತಿ ಒಣಗಿ ಗಾಯಕ್ಕೆ ಕಚ್ಚಿಕೊಂಡಿತ್ತು. ಎಳೆಯಹೋದ ದರ್ಜಿಯ ಕೂಗಿಗೆ ಪಕ್ಕದ ಮನೆಯ ನರ್ಸ್ ಓಡಿಬಂದಳು.

"ಕೈ ತೆಗೀರಿ ಭಾವ! ಎಳೆದ್ರೆ ಹೊಸ ಚರ್ಮಾನೂ ಕಿತ್ತು ಬರುತ್ತೆ."

ಆಕೆ ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ಸೋಪಿನಿಂದ ಕೈ ತೊಳೆದು, ಗಾಯ ತೊಳೆಯುವ ಸಲೈನಿನಲ್ಲಿ ಹತ್ತಿಯನ್ನು ನೆನೆಸಿ, ಕಾದು, ಮೆಲ್ಲಗೆ ಬಿಡಿಸಿದಳು. ಕಾಜಮ್ಮ ಗೋಡೆ ನೋಡುತ್ತ ನಿಂತಿದ್ದಳು.

"ಈ ಕಡೆ ತಿರುಗಿ ಅಕ್ಕಾ. ಗಾಯ ಬಿರಿದಿಲ್ಲ. ಒಂದು ತುದೀಲಿ ಒಂಚೂರು ಒಸರ್ತಿದೆ ಅಷ್ಟೇ."

"ಒಳ್ಳೇ ಬಟ್ಟೇನೇ ಹಾಕಿದ್ದೆ" ಎಂದು ದರ್ಜಿ ಗೊಣಗಿದ.

"ಭಾವ, ರೇಷ್ಮೆಗೆ ಗೋಣಿ ಹೊಲಿಯೋ ಸೂಜಿ ಹಾಕ್ತೀರಾ?"

"ಥೂ, ಎಳೆ ಕಿತ್ತುಹೋಗುತ್ತೆ. ಬಟ್ಟೆ ನೋಡಿ ಸೂಜಿ ಆರಿಸ್ಬೇಕು."

"ಗಿರಾಕಿ ಬಂದು ತಾನೇ ಸೂಜಿ ಆರಿಸ್ತೀನಿ ಅಂದ್ರೆ?"

"ಅಂಗಡಿ ಮೆಟ್ಟಿಲು ಇಳಿಸ್ತೀನಿ!"

"ಸರಿ, ಇಲ್ಲಿ ಗಿರಾಕಿ ಯಾರು?"



"ಇವರೇ ಕಣೇ! ಇಳಿಸು ತಂಗಿ, ಮೆಟ್ಟಿಲು ಇಳಿಸು" ಎಂದು ನಕ್ಕ ಕಾಜಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು.

ಡಾಕ್ಟರು ಹೇಳಿದ ಡ್ರೆಸ್ಸಿಂಗನ್ನು ಅಂಟಿಸುತ್ತ ನರ್ಸ್ ವಿವರಿಸಿದಳು: "ಕೂಡಿಕೊಂಡ ಒಣ ಗಾಯಕ್ಕೆ ತೆಳು ಡ್ರೆಸ್ಸಿಂಗ್ ಸಾಕು. ಒಸರೋ ಗಾಯಕ್ಕೆ ಒಸರನ್ನ ಹೀರಿಕೊಳ್ಳೋ ಪ್ಯಾಡ್ ಬೇಕು. ಆದ್ರೆ ಗಾಯ ಮುಟ್ಟೋ ಪದರ ಅಂಟಬಾರದು. ಹತ್ತಿ ಅಂಟುತ್ತೆ, ಎಳೆ ಬಿಡುತ್ತೆ. ನೀವು ಪ್ಲಾಸ್ಟಿಕ್ ಅಂದ್ರಲ್ಲ, ಅದು ಹೊರಗಿನ ನೀರು ಒಳಗೆ ಬಿಡಲ್ಲ, ಒಳಗಿನ ಬೆವರಿನ ಆವಿ ಹೊರಗೆ ಬಿಡುತ್ತೆ."

"ಅಂಥ ಬಟ್ಟೇನೂ ಇದೆಯಾ!" ದರ್ಜಿಯ ಕಣ್ಣರಳಿತು. "ಥಾನುಗಟ್ಟಲೆ ಸಿಗುತ್ತಾ?"

ಗಾಯ ಮಾಗಿತು. ಡಾಕ್ಟರು ಒಪ್ಪಿದ ಮೇಲೆಯೇ ದರ್ಜಿ ಹೊಲಿಗೆಯಂತ್ರಕ್ಕೆ ಕಾಲು ಕೊಟ್ಟ. ಮೊದಲು ಹೊಲಿದದ್ದು, ಉಳಿದ ಮಲ್ಲಿನಲ್ಲಿ ಹೆಂಡತಿಗೊಂದು ಕರವಸ್ತ್ರ. ಅಂದಿನಿಂದ ಗಾಯಕ್ಕೆಂದು ಯಾರು ಬಟ್ಟೆ ಕೇಳಿದರೂ ಅವನದು ಒಂದೇ ಉತ್ತರ: "ಅಂಗಿಗೆ ನಾನು ಅಳತೆ ತಗೋತೀನಿ. ಗಾಯಕ್ಕೆ ಆಸ್ಪತ್ರೇಲಿ ತಗೋತಾರೆ, ಹೋಗು."

ಕೇಳಿದಿರಲ್ಲ? ನಿಮ್ಮ ಮನೆಯಲ್ಲೂ ಯಾರಿಗಾದರೂ ಶಸ್ತ್ರಚಿಕಿತ್ಸೆಯಾಗಿದ್ದರೆ, ಡ್ರೆಸ್ಸಿಂಗ್ ಯಾವುದು, ಬದಲಿಸುವುದು ಯಾವಾಗ ಎಂದು ಆಸ್ಪತ್ರೆ ಬಿಡುವ ಮೊದಲೇ ಕೇಳಿಕೊಳ್ಳಿ. ಅದು ನೆನೆದರೆ ಅಥವಾ ಕಿತ್ತುಬಂದರೆ ಅವರಿಗೇ ತಿಳಿಸಿ. ಕೈ ತೊಳೆಯದೆ ಗಾಯ ಮುಟ್ಟಬೇಡಿ. ಕೀವು, ಕೆಟ್ಟ ವಾಸನೆ, ಹರಡುವ ಕೆಂಪು, ಹೆಚ್ಚುವ ನೋವು, ಜ್ವರ, ಬಿರಿದ ಹೊಲಿಗೆ – ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮವರ ಗಾಯದ ಅಳತೆ, ಬಲ್ಲವರ ಕೈಯಲ್ಲೇ ಇರಲಿ.