ಆರು ಬೆರಳಿನ ಮಡಿಕೆ

ಫೋನು ಬಡಿದುಕೊಂಡಾಗ ಜಡೆ ಇನ್ನೂ ಅರ್ಧಕ್ಕೆ ಬಂದಿತ್ತು. ಅಮ್ಮ ಮಗಳ ಕೂದಲಿನ ಮೂರು ಎಳೆಗಳನ್ನೂ ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಬಲಗೈಯಿಂದ ಫೋನನ್ನು ಎತ್ತಿ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಅಕ್ಕಾ, ಟ್ರಾವೆಲ್ಸಿಂದ ಮಾತಾಡ್ತಿರೋದು. ನಿಮ್ಮ ಪ್ರಯಾಣ ಹತ್ತು ದಿನ ಮುಂಚೆ ಬಂದಿದೆ. ಕಂಪನಿಯವರು ಎಲ್ಲರನ್ನೂ ಒಂದೇ ಸಲ ಕರೆಸಿಕೊಳ್ತಾರಂತೆ. ನಿಮ್ಮದು ಒಂದೇ ಟಿಕೆಟ್ ತಾನೇ? ಜೊತೆಗೆ ಯಾರಾದ್ರೂ ಇದ್ದಾರಾ?"

"ಹೂಂ."

"ಹೂಂ ಅಂದ್ರೆ? ಒಂದೋ, ಜೊತೆಗಿದ್ದಾರೋ?"

"ಒಂದು."

ಎಷ್ಟು ಮೆಲ್ಲಗೆ ಹೇಳಿದರೂ ಮಾತು ಹೋಗಿ ಬೀಳುವುದು ಅವಳ ಮೊಣಕಾಲುಗಳ ನಡುವೆ ಕೂತವಳ ನೆತ್ತಿಯ ಮೇಲೇ. ಮಗಳು ಅಲುಗಾಡಲಿಲ್ಲ. ಎಂದಿನಂತೆ "ಆಯ್ತಾ, ಆಯ್ತಾ" ಎಂದು ಗೊಣಗಲೂ ಇಲ್ಲ.

"ಯಾರಮ್ಮ?"

"ಟ್ರಾವೆಲ್ಸಿನವರು."

"ಏನಂತೆ?"

"ತಾರೀಖು ಹೇಳಿದ್ರು. ತಲೆ ನೆಟ್ಟಗೆ ಇಟ್ಕೋ."

ಒಂಬತ್ತು ವರ್ಷದ ಹುಡುಗಿ ಅದು. ಹೊಲಿಗೆ ಯಂತ್ರದ ಕೆಳಗೆ ಬಿದ್ದ ಚೂರುಗಳ ನಡುವೆಯೇ ತೆವಳಿ, ನಡೆದು ಬೆಳೆದದ್ದು. ಸಣ್ಣಗಿದ್ದರೂ ಚುರುಕಾಗಿ ಚುಚ್ಚುತ್ತಾಳೆಂದು ಅಜ್ಜಿ ಗುಂಡುಸೂಜಿ ಎಂದು ಕರೆದಿದ್ದಳು, ಆ ಹೆಸರೇ ನಿಂತಿತ್ತು. ಅವಳ ಅಪ್ಪ ಅನ್ನಿಸಿಕೊಂಡವನು ಮಗು ಹೆಜ್ಜೆ ಇಡುವ ಮೊದಲೇ ಬೇರೆ ಮನೆಯ ಬಾಗಿಲು ಹುಡುಕಿಕೊಂಡಿದ್ದ. ಅಂದಿನಿಂದ ಮನೆಯಲ್ಲಿ ಮೂವರು: ಅಮ್ಮ, ಮಗಳು, ಅಮ್ಮನ ಅಮ್ಮ.

ಬೀದಿಯ ತುದಿಯಲ್ಲಿ ಸಿದ್ಧ ಉಡುಪಿನ ಎರಡಂತಸ್ತಿನ ಅಂಗಡಿ ಬಂದ ಮೇಲೆ ಹೊಸ ಬಟ್ಟೆ ಹೊಲಿಸುವವರು ಅಮ್ಮನ ಬಳಿ ಬರುವುದೇ ನಿಂತಿತು. ಉಳಿದದ್ದು ಜಿಪ್ಪು, ಗುಂಡಿ, ಸೊಂಟ ಬಿಗಿ ಮಾಡುವುದು. ಆಗ ಸಮುದ್ರದಾಚೆಯ ದೊಡ್ಡ ಉಡುಪು ಕಾರ್ಖಾನೆಯೊಂದು ಕೈಹೊಲಿಗೆ ಬಲ್ಲವರನ್ನು ಕರೆಯಿತು. ಎರಡು ವರ್ಷದ ಒಪ್ಪಂದ, ನಡುವೆ ರಜೆಯಿಲ್ಲ. ಹಿಂತಿರುಗಿ ಬಂದು ಸ್ವಂತ ಅಂಗಡಿ ತೆರೆಯಬೇಕು ಎಂದು ಅವಳ ಆಸೆ. ಅದಕ್ಕೆಂದೇ ಹೊರಡುವ ಮೊದಲು ಸಂಜೆಯ ವ್ಯಾಪಾರ ತರಗತಿಗೂ ಹೆಸರು ಕೊಟ್ಟಿದ್ದಳು. ಮಗಳಿಗೆ ಹೇಳಿದ್ದು ಮಾತ್ರ ಇಷ್ಟೇ: "ಸ್ವಲ್ಪ ದಿನ ಕೆಲಸದ ಮೇಲೆ ಹೋಗಿ ಬರ್ತೀನಿ."

ಆ 'ಸ್ವಲ್ಪ ದಿನ'ವನ್ನು ಬಿಡಿಸಿ ಹೇಳಲು ಮೂರು ವಾರದಿಂದ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ.

ಮಗಳು ಶಾಲೆಗೆ ಹೋದ ಮೇಲೆ ಅಜ್ಜಿ ಕೇಳಿದಳು, "ಹೇಳಿದ್ಯೇನೇ?"

"ನಾಳೆ ಹೇಳ್ತೀನಮ್ಮ."

"ನಿನ್ನ ನಾಳೆಗೆ ಮೀಸೆ ಬಂತಲ್ಲೇ! ಇನ್ನು ಅದಕ್ಕೆ ಹೆಣ್ಣು ನೋಡೋದೊಂದು ಬಾಕಿ."

ಅಮ್ಮನಿಗೆ ನಗು ಬಂತು. ನಗುತ್ತಲೇ ಸಿಂಕಿನ ನಲ್ಲಿ ಜೋರಾಗಿ ತಿರುಗಿಸಿದಳು. ಪಾತ್ರೆ ತೊಳೆಯುವವಳ ಮುಖ ಒದ್ದೆಯಾಗಿದ್ದರೆ ಯಾರೂ ಕಾರಣ ಕೇಳುವುದಿಲ್ಲ.

ಮೊದಲ ತರಗತಿ ಅಂದೇ ಸಂಜೆ. ಡ್ರೈವಿಂಗ್ ಸ್ಕೂಲಿನ ಮೇಲ್ಮಹಡಿಯ ಕೋಣೆ. ಹನ್ನೊಂದು ಹೆಂಗಸರು, ಒಬ್ಬ ಸಲೂನಿನವನು. ಪಾಠ ಹೇಳುವ ಮೇಡಂ ಇಪ್ಪತ್ತು ವರ್ಷ ಬೇಕರಿ ನಡೆಸಿದವರು. ಬೋರ್ಡಿನ ಮೇಲೆ ಬರೆಯುವಾಗಲೂ ಹಿಟ್ಟು ನಾದುವವರಂತೆ ಮೈಭಾರವನ್ನೆಲ್ಲ ಬಿಟ್ಟು ಬರೆಯುತ್ತಿದ್ದರು.

"ಗಿರಾಕಿಗೆ ನೀವ್ಯಾರು ಅಂತ ಗೊತ್ತಿಲ್ಲ. ಒಂದೇ ಮಾತಲ್ಲಿ ನಿಮ್ಮ ಕೆಲಸ ಹೇಳಿ, ನೋಡೋಣ."

ಸಲೂನಿನವನು ಎದ್ದು ನಿಂತ. "ಎಂಥ ದೊಡ್ಡ ಮನುಷ್ಯರೂ ನನ್ನ ಮುಂದೆ ತಲೆ ತಗ್ಗಿಸಿ ಕೂರ್ತಾರೆ ಮೇಡಂ!"

ಎಲ್ಲರೂ ಗೊಳ್ಳೆಂದರು. ಇವಳ ಸರದಿ ಬಂದಾಗ ಸೆರಗಿನ ತುದಿ ಹಿಡಿದುಕೊಂಡು, "ಬೇರೆಯವರು ತಪ್ಪು ಅಳತೇಲಿ ಕೊಂಡು ತಂದದ್ದನ್ನ ಸರಿ ಮಾಡಿ ಕೊಡ್ತೀನಿ" ಎಂದಳು.

"ಹಾಗಾದ್ರೆ ನಮ್ಮ ಭಾವಮೈದನನ್ನ ಕಳಿಸ್ತೀನಿ, ಅಕ್ಕ" ಎಂದ ಸಲೂನಿನವನು. "ನಮ್ಮಕ್ಕ ತೀರಾ ತಪ್ಪು ಅಳತೇಲಿ ತಗೊಂಡುಬಿಟ್ಟಿದ್ದಾಳೆ."

"ಅಕ್ಕನ ಗಂಡ ಭಾವ ಆಗ್ತಾನಪ್ಪ, ಭಾವಮೈದ ಅಲ್ಲ" ಎಂದಳು ಪಕ್ಕದ ಬೆಂಚಿನವಳು.

"ಅದಕ್ಕೇ ಹೇಳಿದ್ದು, ಎಲ್ಲಾ ತಪ್ಪೇ ಅಂತ!"

ಎಷ್ಟೋ ದಿನದ ಮೇಲೆ ಅವಳು ಹೊಟ್ಟೆ ತುಂಬ ನಕ್ಕಳು. ಆಮೇಲೆ ಮೇಡಂ ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿ ಅಡ್ಡಗೆರೆ ಎಳೆಯಲು ಹೇಳಿದರು. ಈ ತುದಿ ಇವತ್ತು. ಆ ತುದಿ ಅಂಗಡಿ ಬಾಗಿಲು ತೆಗೆಯುವ ದಿನ. ನಡುವೆ ಏನೇನು ನಡೆಯಬೇಕೋ ಅದನ್ನೆಲ್ಲ ಗುರುತು ಮಾಡಬೇಕು.

ಅವಳು ಈ ತುದಿಯಲ್ಲಿ 'ಪ್ರಯಾಣ' ಎಂದೂ ಆ ತುದಿಯಲ್ಲಿ 'ಅಂಗಡಿ' ಎಂದೂ ಬರೆದಳು. ಮೇಡಂ ಬೆಂಚುಗಳ ನಡುವೆ ನಡೆದು ಬಂದವರು ಬಾಗಿ ನೋಡಿದರು.

"ನಡುವೆ ಪೂರ್ತಿ ಖಾಲಿ ಬಿಟ್ರೆ ಹೇಗಮ್ಮ? ಎರಡು ವರ್ಷ ಏನೂ ನಡೆಯೋದೇ ಇಲ್ವಾ?"

ಅವಳು ಪೆನ್ಸಿಲ್ ಊರಿದಳು. ಒಂದು ಗೀಟು: ಐದನೇ ಕ್ಲಾಸು. ಇನ್ನೊಂದು: ಆರನೇ ಕ್ಲಾಸು. ಅವೆರಡರ ನಡುವೆ ಅಲ್ಲಾಡುತ್ತಿರುವ ದವಡೆಯ ಹಲ್ಲು ಬೀಳುತ್ತದೆ. ಜ್ವರ ಬಂದು ಹೋಗುತ್ತದೆ. ಹಣೆಗೆ ಕೈಯಿಟ್ಟು ನೋಡುವುದು ಅಜ್ಜಿ. ಇದ್ದಕ್ಕಿದ್ದಂತೆ ಒಂದು ದಿನ ಮಗಳು ತನ್ನ ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಇದೆಲ್ಲ ವ್ಯಾಪಾರದ ವಿಷಯವಲ್ಲ ಎಂದುಕೊಂಡು ಅವಳು ಗೀಟುಗಳನ್ನು ರಬ್ಬರಿನಿಂದ ಉಜ್ಜಿ ಅಳಿಸಿದಳು.

ಮರುದಿನ ಮಧ್ಯಾಹ್ನ, ಗಿರಾಕಿಗಳ ಪ್ಯಾಂಟುಗಳನ್ನು ಬದಿಗೆ ಸರಿಸಿ, ಮಗಳ ಶಾಲೆಯ ನೀಲಿ ಸ್ಕರ್ಟಿಗೆ ಬಟ್ಟೆ ಕತ್ತರಿಸಲು ಕೂತಳು. ಮಗಳ ಸ್ಕರ್ಟುಗಳನ್ನು ಅವಳು ಹೊಲಿಯುವ ಕ್ರಮವೇ ಬೇರೆ. ಕೆಳಗಿನ ಅಂಚಿನಲ್ಲಿ ಎರಡು ಬೆರಳು ಬಟ್ಟೆ ಒಳಗೆ ಮಡಿಸಿ ಹೆಮ್ಮಿಂಗ್ ಮಾಡುವುದು. ವರ್ಷ ತುಂಬಿ ಹುಡುಗಿ ಎತ್ತರವಾದಾಗ ಹೊಲಿಗೆ ಬಿಚ್ಚಿ ಅಷ್ಟನ್ನು ಇಳಿಸುವುದು. ಒಂದು ವರ್ಷಕ್ಕೆ ಎರಡು ಬೆರಳು. ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಎರಡು ವರ್ಷಕ್ಕೆ ನಾಲ್ಕು ಬೆರಳು ಸಾಕಿತ್ತು. ನಾಲ್ಕಕ್ಕೇ ಗುರುತು ಹಾಕಿದಳು. ಮಗಳು ಒಮ್ಮೆಲೇ ಉದ್ದವಾಗಿಬಿಟ್ಟರೆ? ಬರುವುದು ಒಂದೆರಡು ತಿಂಗಳು ತಡವಾದರೆ? ಮೊಣಕಾಲು ಕಾಣುವ ಸ್ಕರ್ಟು ತೊಟ್ಟು ಮಗು ಸಾಲಿನಲ್ಲಿ ನಿಂತರೆ? ಗುರುತಿನ ಸೀಮೆಸುಣ್ಣ ಇನ್ನೂ ಎರಡು ಬೆರಳು ಕೆಳಗೆ ಜಾರಿತು. ಕತ್ತರಿ ಆರು ಬೆರಳಿಗೆ ಹೋಯಿತು. ಅಷ್ಟು ಅಗಲದ ಮಡಿಕೆ ಹೊಲಿಯುವಾಗ ಅಂದು ಮೂರು ಸಲ ಬೆರಳು ಚುಚ್ಚಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಅಜ್ಜಿ ತರಕಾರಿಗೆ ಹೋಗಿದ್ದಳು. ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಮ್ಮ ಸ್ಕರ್ಟು ತೊಡಿಸಿದಳು. ಮಾತು ಇವತ್ತು ಹೇಳಿಯೇಬಿಡಬೇಕೆಂದು ಬೆಳಗಿನಿಂದ ಅಂದುಕೊಳ್ಳುತ್ತಿದ್ದಳು. ಸೊಂಟದ ಕೊಕ್ಕೆ ಹಾಕಿ ಆದ ಮೇಲೆ ಹೇಳೋಣ. ನೆರಿಗೆ ಸರಿಮಾಡಿದ ಮೇಲೆ ಹೇಳೋಣ.

"ಅಮ್ಮ, ಕೆಳಗೆ ಭಾರ ಆಗುತ್ತೆ. ಕಲ್ಲು ಕಟ್ಟಿದ ಹಾಗಿದೆ."

"ಹೊಸ ಬಟ್ಟೆ ಅಲ್ವಾ, ಒಗೆದ್ರೆ ಸರಿಹೋಗುತ್ತೆ. ತಿರುಗು."

ಮಗಳು ತಿರುಗಲಿಲ್ಲ. ಬಾಗಿ ಅಂಚನ್ನು ಮಗುಚಿದಳು. ಟೈಲರ್ ಅಮ್ಮನ ಮಗಳು; ಬಟ್ಟೆಯ ಒಳಭಾಗ ನೋಡುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಮಡಿಕೆಯ ಮೇಲೆ ಅಮ್ಮನ ಕೈಯನ್ನೇ ಎಳೆದು ಇಟ್ಟು, ಅಮ್ಮನ ಬೆರಳುಗಳಲ್ಲೇ ಅಳೆದಳು.

"ಎರಡು. ನಾಲ್ಕು. ಆರು."

"ಬಟ್ಟೆ ಉಳಿದಿತ್ತು, ಅದಕ್ಕೆ…"

"ಉಳಿದ್ರೆ ನೀನು ಚೀಲ ಹೊಲೀತೀಯ."

ಹೌದು, ಉಳಿದರೆ ಚೀಲ ಹೊಲಿಯುತ್ತಾಳೆ.

"ಬರೋ ವರ್ಷಕ್ಕೆ ಎರಡು" ಎಂದು ಮಗಳು ಅವಳ ಬೆರಳುಗಳನ್ನು ಮಡಿಸತೊಡಗಿದಳು. "ಆಮೇಲಿನ ವರ್ಷಕ್ಕೆ ಎರಡು. ಅದರ ಆಮೇಲಿನ ವರ್ಷಕ್ಕೆ ಎರಡು."

"ಮೂರಲ್ಲ ಕಂದ, ಎರಡೇ ವರ್ಷ…" ಎಂದುಬಿಟ್ಟಳು ಅಮ್ಮ.

ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದ ಮೇಲೆ ಅವಳು ಸ್ಟೂಲಿನ ಬುಡದಲ್ಲೇ ನೆಲದ ಮೇಲೆ ಕೂತಳು. ಮೂರು ವಾರ ಹುಡುಕಿದರೂ ಸಿಗದ ಮಾತು ಹೀಗೆ, ಲೆಕ್ಕ ತಿದ್ದುವ ನೆಪದಲ್ಲಿ ಜಾರಿತ್ತು. ಮಗಳು ಅಳಲಿಲ್ಲ. ಸ್ಟೂಲಿನಿಂದ ಇಳಿಯಲೂ ಇಲ್ಲ. ಮೊದಲ ಸಲ ಅಮ್ಮನಿಗಿಂತ ಎತ್ತರದಲ್ಲಿ ನಿಂತು, ಅಮ್ಮನ ನೆತ್ತಿಯನ್ನು ನೋಡುತ್ತಾ, ಅಷ್ಟು ದಿನ ಬಾಯೊಳಗೇ ಇಟ್ಟುಕೊಂಡದ್ದನ್ನು ಕೇಳಿದಳು:

"ಅಮ್ಮಾ, ನಾನು ದೊಡ್ಡವಳಾಗುವಾಗ ನೀನು ಇರಲ್ವಾ?"