ಎರಡು ಹೋಬಳಿಯ ಒತ್ತೆ

“ಈ ಎತ್ತು ಯಾಕೆ ಹೀಗೆ ಕಾಲೆಳೀತಿದೆ?” ಎಂದು ಮುದುಕ ಹಿಮೊತ್ ಕೇಳಿದಾಗ ಮೆಲಿತೆ ಹಗ್ಗವನ್ನು ಬಿಗಿಯಾಗಿ ಹಿಡಿದಳು.

“ಮಂಜುಗಡ್ಡೆ ಮೇಲೆ ನಡೆದು ಬಂದಿದೆ ಅಜ್ಜ. ನಿನ್ನ ಕಾಲೇನು ನೆಟ್ಟಗಿದ್ಯಾ?”

ಸುತ್ತ ನಿಂತವರು ನಕ್ಕರು. ಅವಳು ಎತ್ತನ್ನು ದೇವರ ಬನದ ನಡುವೆ ನಿಲ್ಲಿಸಿದಳು.

ಯಾವತ್ತೂ ಎತ್ತು ಏರಿಗೆ, ಕೋಣ ನೀರಿಗೆ ಎಂದು ಎಳೆದಾಡುವ ಯಾರ್ವಾ ನಾಡಿನ ಹೋಬಳಿಗಳು ಈ ಸಲ ಒಂದಾಗಿದ್ದವು. ಜೌಗು ಹೆಪ್ಪುಗಟ್ಟಿರುವಾಗಲೇ ದಾಟಿ ಆಚೆ ದಡದ ಕೊಯ್ವೆರೆ ಹೋಬಳಿಯ ಮೇಲೆ ಬೀಳಬೇಕೆಂದು ಹೇಳಿಕಳಿಸಿದ್ದವು. ಮೆಲಿತೆಯ ಹೋಬಳಿ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ. ಎರಡು ವರ್ಷದ ಹಿಂದೆ ಕೊಯ್ವೆರೆಯ ಜೊತೆ ರಾಜಿಯಾದಾಗ ಎರಡೂ ಕಡೆಯ ಹಿರಿಯರು ಮಕ್ಕಳನ್ನು ಒತ್ತೆಯಿಟ್ಟಿದ್ದರು. ಮೆಲಿತೆಯ ಮಗಳು ಇಮ್ಮಾ ಅಲ್ಲಿ, ಅವರ ಹಿರಿಯನ ಮಗಳು ಲೇದಾ ಮೆಲಿತೆಯ ಮನೆಯಲ್ಲಿ. ಮಾತು ಮುರಿದವರ ಒತ್ತೆಯ ತಲೆ ಉಳಿಯುವುದಿಲ್ಲ.

ಈಗ ದೇವರನ್ನೇ ಕೇಳಬೇಕು: ಕಡಿದ ಎತ್ತು ಬಲಕ್ಕೆ ಬಿದ್ದರೆ ದಂಡು ಹೊರಡುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಬಲಿಯ ಎತ್ತು ಹಿರಿಯನ ಮನೆಯಿಂದಲೇ ಬರಬೇಕು. ಕೊಟ್ಟಿಗೆಯಲ್ಲಿದ್ದ ಮೂರರಲ್ಲಿ ಮೆಲಿತೆ ಎಡಗಾಲು ಸೋತದ್ದನ್ನೇ ಬಿಚ್ಚಿ ತಂದಿದ್ದಳು. ದೇವರ ಕಣ್ಣಿಗೆ ಮಣ್ಣೆರಚುತ್ತಿದ್ದೇನೆಂದು ಅವಳಿಗೆ ಭಯವಿತ್ತು. ಆದರೆ ಹೆತ್ತ ಹೊಟ್ಟೆ ಅದನ್ನೆಲ್ಲ ಕೇಳುತ್ತದೆಯೇ?

ಹೋಬಳಿಯ ಹಿರಿಯ, ಅವಳ ಗಂಡ ವಿಲ್ಯೊ, ಕೊಡಲಿ ಎತ್ತಿದ. ಒಂದೇ ಏಟು. ಎತ್ತು ಎಡಕ್ಕೆ ಕುಸಿಯಿತು.

ಮೆಲಿತೆ ಉಸಿರುಬಿಟ್ಟಳು. ಹಿಮೊತ್ ಮಾತ್ರ ಕುಕ್ಕರಗಾಲಲ್ಲಿ ಕೂತು ಎತ್ತಿನ ಎಡಮಂಡಿಯನ್ನು ಒತ್ತಿ ನೋಡಿದ. ರಾಜಿಗೆ ಮೊದಲು ಕೊಯ್ವೆರೆಯವರ ದಾಳಿಯಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡವನು ಅವನು.

“ಇದನ್ನ ದೇವರು ಕೆಡವಲಿಲ್ಲ, ಬಾವು ಕೆಡವಿದ್ದು. ಬೇರೆ ಎತ್ತು ತರಿಸು ವಿಲ್ಯೊ.”

ವಿಲ್ಯೊ ತುಂಬ ಹೊತ್ತು ಕೊಡಲಿ ಒರೆಸಿದ. “ಹೋಗು ಮೆಲಿತೆ, ಕರಿ ಎತ್ತು ಹೊಡ್ಕೊಂಡು ಬಾ,” ಎಂದ, ಅವಳ ಮುಖ ನೋಡದೆ. “ನಿಧಾನಕ್ಕೇ ಬಾ. ದಾರಿ ಜಾರುತ್ತೆ.”

ಮನೆಯಲ್ಲಿ ಲೇದಾ ಒಲೆಯ ಮುಂದೆ ಬಾರ್ಲಿ ಬೀಸುತ್ತಿದ್ದಳು. ಮೆಲಿತೆ ತನ್ನ ಕುರಿತೊಗಲನ್ನು ಅವಳಿಗೆ ಹೊದಿಸಿ, ಕೈಗೆ ರೊಟ್ಟಿ ಕೊಟ್ಟು, ಹಿತ್ತಲಿನಿಂದ ಜೌಗಿನಂಚಿಗೆ ಕರೆತಂದಳು.

“ನೇರ ಓಡು. ಎಲ್ಲೂ ಕೂರ್ಬೇಡ.”

“ನಾನು ಹೋದ್ರೆ ನಿಮಗೆ ಬೈಯಲ್ವಾ?”

“ಬೈತಾರೆ. ನಿಮ್ಮಮ್ಮಂಗೆ ಹೇಳು, ನಿನ್ನ ಮಗಳನ್ನ ಕಳಿಸಿದೀನಿ, ನನ್ನ ಮಗಳನ್ನ ಕಳಿಸು ಅಂತ. ಅಷ್ಟೇ ಹೇಳು.”

ಹುಡುಗಿ ಓಡಿದಳು. ಒಮ್ಮೆ ಜಾರಿಬಿದ್ದು, ಎದ್ದು, ರೊಟ್ಟಿಯನ್ನು ಎದೆಗವಚಿಕೊಂಡು ಮತ್ತೆ ಓಡಿದಳು. ಬನದ ಕಡೆಯಿಂದ ಯಾರೋ ಮೆಲಿತೆಯ ಹೆಸರು ಕೂಗತೊಡಗಿದರು. ಅವಳು ಓಗೊಡದೆ, ಖಾಲಿಯಾಗಿದ್ದ ಆಚೆ ದಡದ ಮೇಲೆ ಕಣ್ಣಿಟ್ಟು ನಿಂತೇ ಇದ್ದಳು.