ಅಕ್ಕ ಹಚ್ಚಿದ ಎಣ್ಣೆ

ಕಯಾಕ್ ಎಂಬ ಕಿರುದೋಣಿಯ ತಳಕ್ಕೆ ಗುರುವಾರ ರೆಸಿನ್ ಅಂಟು ಬಳಿದು ಕೂರಿಸಿದ್ದ ಫೈಬರ್ ಬಟ್ಟೆ ಶನಿವಾರ ಬೆಳಿಗ್ಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಕೈಗೆ ಬಂತು. ಕುನಿಹಾರು ಮಂಕು ಬಡಿದವನಂತೆ ನಿಂತುಬಿಟ್ಟ. ಮೂರು ತಿಂಗಳು ಪ್ಲೈವುಡ್ ಕೊಯ್ದು, ಬಗ್ಗಿಸಿ, ಬೆರಳು ಜಜ್ಜಿಕೊಂಡು ಕಟ್ಟಿದ ದೋಣಿ. ಮೂವತ್ತು ವರ್ಷ ಅಂಚೆ ಹಂಚಿದವನಿಗೆ ಅದೇನು ಸುಲಭದ ಕೆಲಸವೇ?

ಕಟ್ಟಿದ್ದು ಅಕ್ಕ ಫುಮಿಯೆಗಾಗಿ. ಎದುರಿನ ಪುಟ್ಟ ದ್ವೀಪದಲ್ಲಿ ಅವಳ ಎಂಟು ತಿಂಗಳ ಮಗುವಿನ ಸಮಾಧಿ ಇದೆ. ಅಲ್ಲಿನ ಜನರೆಲ್ಲ ಗುಳೆ ಎದ್ದು ಬಂದರು, ಆಮೇಲೆ ಚಂಡಮಾರುತ ದೋಣಿಕಟ್ಟೆಯನ್ನೂ ಕೊಚ್ಚಿಕೊಂಡು ಹೋಯಿತು. ಅಲ್ಲಿನ ದಡದ ಬಂಡೆಗಳ ನಡುವೆ ಕಯಾಕ್ ಒಂದೇ ನುಸುಳೀತು. ಆದರೆ ಬಂಡೆ ತುಂಬ ಸಿಂಪಿ, ಬ್ಲೇಡಿನಂಥ ಚಿಪ್ಪು. ತಳಕ್ಕೆ ಬಟ್ಟೆಯ ಕವಚವಿಲ್ಲದೆ ಹೋದರೆ ವಾಪಸ್ ಬರುವ ಮಾತೇ ಇಲ್ಲ. ಸೋಮವಾರ ಫುಮಿಯೆ ನಾಗಸಾಕಿಯ ವೃದ್ಧಾಶ್ರಮಕ್ಕೆ ಹೊರಡುತ್ತಾಳೆ. ಉಳಿದದ್ದು ಭಾನುವಾರ ಒಂದೇ.

ಮರದ ಮೇಲೆ ಬೆರಳಾಡಿಸಿದ. ಜಿಡ್ಡು! ಅದರ ಮೇಲೆ ರೆಸಿನ್ ಹೇಗೆ ಹಿಡಿದೀತು? ತ್ಸುಬಾಕಿ ಹೂಗಿಡದ ಬೀಜದ ಎಣ್ಣೆ. ಈ ಗೋಟೋ ದ್ವೀಪಗಳಲ್ಲಿ ತಲೆಗೂ ಅದೇ, ಚಾಕುವಿಗೂ ಅದೇ, ಕೂಸಿನ ಮೈಗೂ ಅದೇ. ಗುರುವಾರ ಮರ ಕಪ್ಪಗಾದದ್ದನ್ನು ಈ ಪುಣ್ಯಾತ್ಮ ಮಂಜಿನ ತೇವ ಅಂದುಕೊಂಡು ಒರೆಸಿ ಮುಂದುವರಿದಿದ್ದ.

"ಅಕ್ಕಾ, ದೋಣಿಗೆ ಏನಾದ್ರೂ ಹಚ್ಚಿದ್ಯಾ?"

"ಹೂಂ ಕಣೋ, ಬುಧವಾರ ನೀನು ಊಟಕ್ಕೆ ಹೋದಾಗ. ಬಾಟ್ಲಿ ಪೂರ್ತಿ! ಮರ ಒಣಗಿತ್ತು ಪಾಪ, ಗಟಗಟ ಕುಡೀತು. ಇನ್ನು ನೀರು ಒಳಗೆ ಬರೋಕೆ ಅದರಪ್ಪನ ಕೈಲೂ ಆಗಲ್ಲ."

ಬಾಯಿಗೆ ಬಂದದ್ದನ್ನು ಕುನಿಹಾರು ನುಂಗಿಕೊಂಡ. ಆ ಅರಳಿದ ಮುಖ ನೋಡಿ ಯಾರಿಗೆ ಬೈಯಲು ಮನಸ್ಸು ಬಂದೀತು? ಥಿನ್ನರ್ ಸುರಿದು ಒರೆಸಿದ, ಉಪ್ಪುಕಾಗದ ಹಿಡಿದು ತೋಳು ಬಿದ್ದುಹೋಗುವಂತೆ ಉಜ್ಜಿದ. ಪ್ಲೈವುಡ್ಡಿನ ಮೇಲ್ಪದರ ಸವೆದುಹೋಯಿತೇ ಹೊರತು ಜಿಡ್ಡು ಹೋಗಲಿಲ್ಲ.

ಪಕ್ಕದ ಮನೆಯ ಮೀನುಗಾರ ಇವಾವೊ ಬೇಲಿಯಿಂದ ಇಣುಕಿದ. "ಏನಪ್ಪಾ ಅಂಚೆಯಣ್ಣ, ದೋಣಿ ಮಾಡ್ತಿದ್ದೀಯೋ, ತೆಂಪುರಾ ಕರೀತಿದ್ದೀಯೋ?"

ವಿಷಯ ಕೇಳಿದ ಮೇಲೆ ಅವನ ನಗು ಇಳಿಯಿತು. "ಕುಡಿದ ಮರ ಕಕ್ಕಲ್ಲ, ಕುನಿ. ಹೊಸ ಹಲಗೆನೇ ಗತಿ."

"ನಾಳೆಗೆ?"

"ನನ್ನ ಬೋಟಲ್ಲಿ ದೂರದಿಂದ ತೋರಿಸ್ತೀನಿ. ಇಳಿಸೋಕಾಗಲ್ಲ."

"ದೂರದಿಂದ ನಲವತ್ತು ವರ್ಷದಿಂದ ನೋಡ್ತಾನೇ ಇದ್ದಾಳಲ್ಲೋ."

ಇವಾವೊ ತಲೆ ತಗ್ಗಿಸಿ ಒಳಗೆ ಹೋದ. ಕುನಿಹಾರುವಿಗೆ ಅಳು ಬಂತು. ತನ್ನ ಕೈಲಾಗುವುದು ಏನೂ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಫುಮಿಯೆ ಹುಲ್ಲಿನ ಟೊಪ್ಪಿ ಹಾಕಿಕೊಂಡು, ಅನ್ನದುಂಡೆಯ ಡಬ್ಬಿ, ಬಿಳಿ ಸೇವಂತಿಗೆ ಹಿಡಿದು ದಡಕ್ಕೆ ಬಂದಳು. ಸಮುದ್ರ ಮಿಸುಕಾಡದೆ ಮಲಗಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬೋರಲು ಬಿದ್ದ ಕಯಾಕ್ ಪಕ್ಕದಲ್ಲಿ ಕುನಿಹಾರು ಕುಕ್ಕರಗಾಲಲ್ಲಿ ಕೂತಿದ್ದ.

"ಇವತ್ತು ಆಗಲ್ಲ ಅಕ್ಕಾ," ಎಂದ, ಅವಳ ಮುಖ ನೋಡದೆ. "ಗಾಳಿ ಜೋರಾಗಿದೆ."

ಫುಮಿಯೆ ಸುಲಿದ ಬಟ್ಟೆಯನ್ನು ನೋಡಿದಳು. ಬೆತ್ತಲೆ ಮರದ ಮೇಲೆ ಹಸ್ತವಿಟ್ಟು ಆ ಜಿಡ್ಡನ್ನು ಬೆರಳಲ್ಲಿ ತಿಕ್ಕಿದಳು. ಬೆರಳು ಮೂಸಿದಳು, ತಾನೇ ಹಚ್ಚಿದ ಎಣ್ಣೆ.

"ಹೌದು ಕಣೋ," ಎಂದಳು ಕೊನೆಗೆ, "ಏನು ಗಾಳಿನಪ್ಪಾ ಇದು!" ಎನ್ನುತ್ತ ತಲೆಯ ಮೇಲಿನ ಟೊಪ್ಪಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು.